ಕಡಲ ಬದಿಯ ಮನೆಗೆ ಎಂಥ ಹಾಸು ಒಳ್ಳೆಯದು?

ನಿಮ್ಮ ಮನೆಯಲ್ಲಿ ನೆಲಕ್ಕೆ ಹಾಕುವ ಹಾಸು ಎಷ್ಟು ಉಂಟು? ಒಮ್ಮೆ ಎಣಿಸಿ ನೋಡಿ. ಹೊರಬಾಗಿಲ ಎದುರು ಒಂದು ಕಾಲೊರಸು. ಅಡುಗೆಕೋಣೆಯಲ್ಲಿ ಇನ್ನೊಂದು. ಬಚ್ಚಲಿನ ಹೊರಗೆ ಮತ್ತೊಂದು. ನೆಂಟರು ಬಂದರೆ ಬಿಡಿಸುವ ಚಾಪೆ. ಪೂಜೆಗೋ ಮದುವೆಗೋ ಪೆಟ್ಟಿಗೆಯಿಂದ ತೆಗೆಯುವ ಜಮಖಾನ. ಎಣಿಸಿದರೆ ಆರೇಳು ಆಗ್ತದೆ. ಆದರೆ ಕೊಳ್ಳುವಾಗ ನಾವು ಬಣ್ಣ ನೋಡ್ತೇವೆ, ಬೆಲೆ ಕೇಳ್ತೇವೆ. ಅಷ್ಟಕ್ಕೇ ಮುಗಿಯಿತು.

ಈಗ ಹೊಸ ಮನೆಗಳ ನೆಲಕ್ಕೆ ಹೊಳೆಯುವ ಟೈಲ್ಸ್ ಬಂದಿದೆ. ಅದರ ಮೇಲೆ ಹಾಕುವ ದೊಡ್ಡ ದೊಡ್ಡ ಹಾಸುಗಳೂ ಅಂಗಡಿಗೆ ಬಂದಿವೆ. ಅವಕ್ಕೆ ಕಾರ್ಪೆಟ್ ಅಂತಲೂ ರಗ್ ಅಂತಲೂ ಹೇಳ್ತಾರೆ. ಸಾವಿರಾರು ರೂಪಾಯಿಯ ವಸ್ತು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನಂಥ ಕಡಲ ಬದಿಯ ಊರಿನಲ್ಲಿ ಇವುಗಳಲ್ಲಿ ಯಾವುದು ಬಾಳ್ತದೆ? ಯಾವುದು ಒಂದೇ ಮಳೆಗಾಲಕ್ಕೆ ಹಾಳಾಗ್ತದೆ? ಯಾವುದರ ಮೇಲೆ ಕಾಲಿಟ್ಟರೆ ಅಜ್ಜಿ ಜಾರಿ ಬೀಳಬಹುದು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಮೊದಲು ನಮ್ಮ ಹವೆ

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಟಿ ತಿಂಗಳಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ನೆಲ ಬೆವರುತ್ತದೆ. ಕಪಾಟಿನ ಚಪ್ಪಲಿಗೂ ಬೂಷ್ಟು ಬರ್ತದೆ. ಇದು ನಿಮಗೆ ಯಾರೂ ಹೇಳಿಕೊಡಬೇಕಾದ ಸಂಗತಿ ಅಲ್ಲ.

ಆದರೆ ಅಂಗಡಿಯಲ್ಲಿ ನಿಂತಾಗ ಇದು ಮರೆತುಹೋಗ್ತದೆ. ಅಲ್ಲಿ ಫ್ಯಾನು ತಿರುಗ್ತಾ ಇರುತ್ತದೆ, ದೀಪ ಹೊಳೀತಾ ಇರುತ್ತದೆ. ಹಾಸು ಒಣಗಿ ಮೆತ್ತಗೆ, ಚಂದ ಕಾಣ್ತದೆ. ನಾವು ನೋಡಬೇಕಾದದ್ದು ಅದೇ ಹಾಸು ಜುಲೈ ತಿಂಗಳಲ್ಲಿ ನಮ್ಮ ಚಾವಡಿಯಲ್ಲಿ ಹೇಗೆ ಇರ್ತದೆ ಅಂತ.

ಕಡಲ ಬದಿಯಲ್ಲಿ ಮಳೆಯ ಜೊತೆಗೆ ಇನ್ನೂ ಎರಡು ಉಂಟು. ಒಂದು ಹೊಯಿಗೆ, ಇನ್ನೊಂದು ಉಪ್ಪು. ಹೊಯಿಗೆ ಕಾಲಿನ ಜೊತೆ ಒಳಗೆ ಬರ್ತದೆ. ದಟ್ಟ ಕೂದಲಿನಂಥ ಎಳೆಗಳಿರುವ ಹಾಸಿನಲ್ಲಿ ಅದು ಬುಡಕ್ಕೆ ಇಳಿದು ಕೂರ್ತದೆ. ಮೇಲಿಂದ ಗುಡಿಸಿದರೆ ಬರುವುದಿಲ್ಲ. ನಾವು ನಡೆದ ಹಾಗೆಲ್ಲ ಆ ಹರಳು ಎಳೆಯ ಬುಡವನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತದೆ.

ಉಪ್ಪಿನ ವಿಚಾರ ಇನ್ನೂ ಸೂಕ್ಷ್ಮ. ಮಳೆಗಾಲದಲ್ಲಿ ಭರಣಿಯ ಉಪ್ಪು ತಾನಾಗಿಯೇ ನೀರು ಬಿಡುವುದನ್ನು ನೋಡಿದ್ದೀರಲ್ಲ? ಉಪ್ಪು ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಸಮುದ್ರದ ನೀರು ತಾಗಿದ ಹಾಸಿನಲ್ಲಿಯೂ ಹೀಗೇ ಆಗುವುದು. ಬಿಸಿಲಿಗೆ ಹಾಕಿದರೆ ಒಣಗ್ತದೆ, ಒಳಗೆ ತಂದರೆ ಸಂಜೆಗೆ ಪುನಃ ತೇವ. ಹಾಗಾಗಿ ಮೊದಲು ಬಾವಿಯ ಸಿಹಿನೀರಲ್ಲಿ ಚೆನ್ನಾಗಿ ಜಾಲಿಸಬೇಕು, ಆಮೇಲೆ ಒಣಗಿಸಬೇಕು. ಮೀನುಗಾರಿಕೆಗೆ ಹೋಗುವವರ ಮನೆಯಲ್ಲಿ ಇದು ಬೇಗ ಅನುಭವಕ್ಕೆ ಬರ್ತದೆ.

ತೇವ ಹಿಡಿದ ದಪ್ಪ ಹಾಸಿನಲ್ಲಿ ಬೂಷ್ಟು ಬೆಳೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಹುಳಗಳೂ ಬೆಳೆಯುತ್ತವೆ. ಉಬ್ಬಸ ಇರುವವರಿಗೆ ಇವೆರಡೂ ಒಳ್ಳೆಯದಲ್ಲ. ಮನೆಯಲ್ಲಿ ಮಗುವಿಗೆ ರಾತ್ರಿ ಕೆಮ್ಮು, ಉಬ್ಬಸ ಹೆಚ್ಚಾದರೆ ಡಾಕ್ಟರಿಗೆ ತೋರಿಸಿ. ಜೊತೆಗೆ ಮಲಗುವ ಕೋಣೆಯ ಹಾಸನ್ನೂ ಎತ್ತಿ ಮೂಸಿ ನೋಡಿ.

ಆದ್ದರಿಂದ ನಮ್ಮ ಕಡೆ ಹಾಸು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದನ್ನು ನಾನೊಬ್ಬಳೇ, ನಾನೊಬ್ಬನೇ ಎತ್ತಿ, ಕೊಡವಿ, ತೊಳೆದು ಒಣಗಿಸಬಹುದಾ? ಆಗುವುದಿಲ್ಲ ಅಂತಾದರೆ ಅದು ಎಷ್ಟೇ ಚಂದ ಇರಲಿ, ಅಂಗಡಿಯಲ್ಲೇ ಇರಲಿ.

ಯಾವುದು ಯಾವುದರಿಂದ ಮಾಡಿದ್ದು?

ಹಾಸಿನ ಗುಣ ಅದರ ನಾರಿನಲ್ಲಿ ಉಂಟು. ಹೆಸರು ಏನೇ ಇರಲಿ, ನಾರು ಯಾವುದು ಅಂತ ತಿಳಿದರೆ ಅರ್ಧ ಕೆಲಸ ಆಯಿತು.

ನಮ್ಮ ತೆಂಗಿನ ನಾರಿನಿಂದಲೇ ಸುರು ಮಾಡೋಣ. ಮಲಯಾಳದಲ್ಲಿ ಹಗ್ಗಕ್ಕೆ ಕಯರ್ ಅಂತ ಹೇಳ್ತಾರೆ. ಇಂಗ್ಲಿಷಿನವರ ‘ಕಾಯರ್’ ಅನ್ನುವ ಪದ ಹುಟ್ಟಿದ್ದು ಇದರಿಂದಲೇ. ಹಸಿ ಕಾಯಿಯ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಜಜ್ಜಿ, ನಾರು ತೆಗೆಯುತ್ತಾರೆ. ಅದು ಬಿಳಿ ನಾರು. ಒಣಗಿದ ಕಾಯಿಯ ಸಿಪ್ಪೆಯಿಂದ ತೆಗೆದದ್ದು ಕಂದು ನಾರು. ಅದು ಇನ್ನೂ ಗಡುಸು. ಕೇರಳದ ಆಲಪ್ಪುಳ ಈ ಕೆಲಸಕ್ಕೆ ಹೆಸರಾದ ಊರು. ಅಲ್ಲಿ 1859ರಲ್ಲಿಯೇ ಜೇಮ್ಸ್ ಡಾರಾ ಎಂಬವರು ನಾರಿನ ಚಾಪೆಯ ಕಾರ್ಖಾನೆ ತೆರೆದಿದ್ದರು. ತೆಂಗಿನ ನಾರಿನ ಉದ್ದಿಮೆಗಾಗಿ 1953ರಲ್ಲಿ ಕೇಂದ್ರ ಸರಕಾರ ಕಾಯಿದೆ ಮಾಡಿತು. ಅದರಂತೆ ಕಾಯರ್ ಬೋರ್ಡ್ ಸ್ಥಾಪನೆಯಾಯಿತು. ಅದರ ಮುಖ್ಯ ಕಚೇರಿ ಕೊಚ್ಚಿಯಲ್ಲಿ ಉಂಟು.

ತೆಂಗಿನ ನಾರಿನ ದೊಡ್ಡ ಗುಣ ಏನೆಂದರೆ ಅದು ನೀರಿಗೆ ಹೆದರುವುದಿಲ್ಲ. ಉಪ್ಪುನೀರಿನಲ್ಲಿ ದೋಣಿ ಕಟ್ಟುವ ಹಗ್ಗ ಅದೇ ಅಲ್ಲವಾ? ಮರದಲ್ಲಿರುವಂಥ ಗಟ್ಟಿ ಅಂಟುಪದಾರ್ಥ ಈ ನಾರಿನಲ್ಲಿ ಬಹಳ ಉಂಟು. ಅದರಿಂದ ಬೇಗ ಕುಂಬಾಗುವುದಿಲ್ಲ. ಕಾಲಿನ ಕೆಸರನ್ನು ಚೆನ್ನಾಗಿ ಉಜ್ಜಿ ತೆಗೆಯುತ್ತದೆ. ಆದ್ದರಿಂದ ಹೊರಬಾಗಿಲಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕುಂದು ಏನು? ಒರಟು. ಅಂಬೆಗಾಲಿಡುವ ಮಗುವಿನ ಮೊಣಕಾಲು ಕೆಂಪಾಗ್ತದೆ. ಹೊಸತರಲ್ಲಿ ನಾರು ಉದುರ್ತದೆ. ಇನ್ನು, ಅಡಿಗೆ ರಬ್ಬರಿನ ಹಾಗೆ ಹಚ್ಚಿರುವುದನ್ನು ತಕ್ಕೊಂಡರೆ ಮಳೆಯ ನೀರು ಕೆಳಗೆ ಇಳಿಯುವುದಿಲ್ಲ, ಒಳಗೇ ನಿಲ್ಲುತ್ತದೆ. ಮಳೆ ಹೊಡೆಯುವ ಜಗಲಿಗೆ ಹಗ್ಗ ಹೆಣೆದ ಹಾಗಿರುವ, ತೂತು ತೂತಾದ ಚಾಪೆಯೇ ಸರಿ. ಹೊಯಿಗೆ ಕೆಳಗೆ ಬೀಳ್ತದೆ, ನೀರು ಹರಿದುಹೋಗ್ತದೆ. ಎತ್ತಿ ಒಮ್ಮೆ ಗೋಡೆಗೆ ಬಡಿದರೆ ಸಾಕು.

ಸೆಣಬಿನ ಹಾಸು ನೋಡಲಿಕ್ಕೆ ತೆಂಗಿನ ನಾರಿನ ಹಾಗೇ ಕಾಣ್ತದೆ. ಮುಟ್ಟಿದರೆ ಅದಕ್ಕಿಂತ ಮೆತ್ತಗೆ. ಅಂಗಡಿಯಲ್ಲಿ ಜೂಟ್ ಅಂತ ಹೇಳ್ತಾರೆ. ಕೆಲವರು ಎರಡೂ ಒಂದೇ ಅಂದುಕೊಂಡು ತರ್ತಾರೆ. ಒಂದೇ ಅಲ್ಲ. ಜೂಟ್ ಅಂದರೆ ನಮ್ಮ ಗೋಣಿಚೀಲದ ನಾರು. ಮಳೆಯಲ್ಲಿ ಅಂಗಳದಲ್ಲಿ ಬಿದ್ದ ಗೋಣಿ ಏನಾಗ್ತದೆ? ನಾರ್ತದೆ, ಕಪ್ಪಾಗ್ತದೆ, ಎಳೆದರೆ ಹರಿದುಹೋಗ್ತದೆ. ಸಾವಿರ ರೂಪಾಯಿ ಕೊಟ್ಟು ತಂದ ಜೂಟಿನ ಹಾಸೂ ಅದನ್ನೇ ಮಾಡುವುದು. ಒಣಗಿದ ಒಳಕೋಣೆಗೆ ಆದೀತು. ಬಾಗಿಲಿಗೆ, ಬಚ್ಚಲಿಗೆ ಬೇಡವೇ ಬೇಡ.

ಓಲೆಯ ಚಾಪೆಯ ವಿಚಾರ ಬೇರೆ. ಅಷ್ಟಮಿಗೆ ಮೂಡೆ ಕಟ್ಟುವ ಓಲೆ ಗೊತ್ತಲ್ಲ? ತೋಡಿನ ಬದಿಯಲ್ಲಿ ಬೆಳೆಯುವ, ಕೇದಗೆ ಜಾತಿಯ ಮುಳ್ಳಿನ ಗಿಡ. ತುಳುವಿನಲ್ಲಿ ಮುಂಡೇವು, ಮಲಯಾಳದಲ್ಲಿ ಕೈತ. ಇದರ ಓಲೆ ಕೊಯ್ದು, ಅಂಚಿನ ಮುಳ್ಳು ಸೀಳಿ ತೆಗೆದು, ಸುರುಳಿ ಸುತ್ತಿ ಬೇಯಿಸಿ, ಒಣಗಿಸಿ, ಒಂದೇ ಅಗಲಕ್ಕೆ ಸೀಳಿ ಹೆಣೆಯುತ್ತಾರೆ. ಹೆಣೆಯುವವರು ಹೆಚ್ಚಾಗಿ ಹೆಂಗಸರು. ಒಂದು ದೊಡ್ಡ ಚಾಪೆಗೆ ಹಲವು ದಿನದ ಕೆಲಸ ಉಂಟು. ಸಂತೆಯಲ್ಲಿ ಚೌಕಾಸಿ ಮಾಡುವಾಗ ಅದು ನೆನಪಿರಲಿ. ಅದೇ ದಿನ ಪ್ಲಾಸ್ಟಿಕ್ ಚಾಪೆಗೆ ಅಂಗಡಿಯವರು ಹೇಳಿದ ಬೆಲೆಯನ್ನು ನಾವು ಬಾಯಿ ಮುಚ್ಚಿ ಕೊಟ್ಟು ಬರ್ತೇವೆ.

ಓಲೆಯ ಚಾಪೆ ತಂಪು. ಸೆಕೆಗಾಲದಲ್ಲಿ ಮಲಗಲಿಕ್ಕೆ, ಮಧ್ಯಾಹ್ನ ಕೂತು ಬೀಡಿ ಕಟ್ಟಲಿಕ್ಕೆ, ಮಕ್ಕಳು ಪಾಠ ಓದಲಿಕ್ಕೆ ಅದೇ ಒಳ್ಳೆಯದು. ಹೊಯಿಗೆ ಹಿಡಿಯುವುದಿಲ್ಲ. ಬೆನ್ನು ಬೆವರಿದರೂ ಅಂಟುವುದಿಲ್ಲ. ಆದರೆ ಅದನ್ನು ನೀರಿನಲ್ಲಿ ಅದ್ದಬಾರದು. ಹಿಂಡಿದ ಬಟ್ಟೆಯಲ್ಲಿ ಒರಸಿ, ಬೆಳಗ್ಗಿನ ಎಳೆ ಬಿಸಿಲಿಗೆ ಹಾಕಿ. ಮಡಚಬೇಡಿ, ಮಡಚಿದಲ್ಲಿ ಓಲೆ ಒಡೆಯುತ್ತದೆ. ಸುರುಳಿ ಸುತ್ತಿಡಿ. ಹಿಂದಿನವರು ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಚಾಪೆ ಕಟ್ಟಿಡುತ್ತಿದ್ದದ್ದು ಸುಮ್ಮನೆ ಅಲ್ಲ. ಹೊಗೆ, ಬಿಸಿ ಇದ್ದಲ್ಲಿ ಬೂಷ್ಟು ಬರುವುದಿಲ್ಲ. ಈಗ ಗ್ಯಾಸ್ ಒಲೆ ಬಂದ ಮೇಲೆ ಆ ಅಟ್ಟ ಇಲ್ಲ. ಗೋಡೆಗೆ ತಾಗದ ಹಾಗೆ, ಗಾಳಿ ಆಡುವ ಕಡೆ ನಿಲ್ಲಿಸಿಡಿ.

ಹತ್ತಿಯ ಹಾಸು ಅಂದರೆ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಕ್ಕೆ ದೊಡ್ಡ ಹೆಸರು ಉಂಟು. ಅದಕ್ಕೆ 2011ರಲ್ಲಿ ಊರಿನ ಹೆಸರಿನ ಗುರುತು, ಅಂದರೆ ಜಿ.ಐ. ಮಾನ್ಯತೆ, ಸಿಕ್ಕಿತು. ತಮಿಳುನಾಡಿನ ಈರೋಡ್ ಜಿಲ್ಲೆಯ ಭವಾನಿ ಜಮಖಾನಕ್ಕೂ ಆ ಮಾನ್ಯತೆ ಉಂಟು. ಗಟ್ಟಿ ನೇಯ್ಗೆ, ಎರಡೂ ಬದಿ ಹಾಕಬಹುದು, ಹತ್ತಾರು ವರ್ಷ ಬಾಳುವ ವಸ್ತು. ಆದರೆ ನವಲಗುಂದ ಬಯಲುಸೀಮೆಯ ಊರು. ಅಲ್ಲಿ ಒಗೆದು ಹಾಕಿದರೆ ಬಿಸಿಲು ಅದೇ ದಿನ ಒಣಗಿಸ್ತದೆ. ನಮ್ಮಲ್ಲಿ ಜುಲೈಯಲ್ಲಿ ಒದ್ದೆಯಾದರೆ? ಹತ್ತಿ ನೀರು ಕುಡಿದು ಭಾರವಾಗ್ತದೆ. ಇಬ್ಬರು ಹಿಡಿದು ಹಿಂಡಬೇಕು, ವಾರವಾದರೂ ಒಣಗುವುದಿಲ್ಲ, ಕಪ್ಪು ಚುಕ್ಕಿ ಬೀಳ್ತದೆ. ಆ ಚುಕ್ಕಿ ಮತ್ತೆ ಹೋಗುವುದೂ ಕಷ್ಟ. ಆದ್ದರಿಂದ ಒಳ್ಳೆಯ ಜಮಖಾನ ಇದ್ದರೆ ಮೇ ಕೊನೆಗೆ ಬಿಸಿಲು ತೋರಿಸಿ, ಸುತ್ತಿ, ಮೇಲೆ ಇಟ್ಟುಬಿಡಿ. ದೀಪಾವಳಿಗೆ ತೆಗೆದರಾಯಿತು.

ಹತ್ತಿಯಲ್ಲಿ ಸಣ್ಣ ಹಾಸಿಗೆ ಈ ತೊಂದರೆ ಇಲ್ಲ. ಹಳೆಯ ಸೀರೆ ಹರಿದು ನೇಯ್ದ ಕಾಲೊರಸು ಅಡುಗೆಕೋಣೆಗೂ ಬಚ್ಚಲ ಬಾಗಿಲಿಗೂ ಬಹಳ ಒಳ್ಳೆಯದು. ನೀರು ಹೀರ್ತದೆ, ಒಂದು ಕೈಯಲ್ಲಿ ಹಿಂಡಬಹುದು. ಎರಡು ಮೂರು ಇದ್ದರೆ ಬದಲಿಸ್ತಾ ಇರಬಹುದು. ಕುಟುಂಬಶ್ರೀ ಮೇಳಗಳಲ್ಲಿ ಇಂಥವು ಸಿಗ್ತವೆ. ಮನೆಯಲ್ಲೇ ಹೊಲಿದರೂ ಆಯಿತು.

ಉಣ್ಣೆಯ ಕಾರ್ಪೆಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಕಾಶ್ಮೀರದಂಥ ಚಳಿಯ ನಾಡಿಗೆ ಹೇಳಿದ್ದು. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಕೈಗೆ ಒದ್ದೆ ಅಂತ ಗೊತ್ತಾಗುವುದಿಲ್ಲ. ನಮ್ಮಲ್ಲಿ ಅದು ಆರು ತಿಂಗಳು ತೇವ ಕುಡಿದು ಕೂರ್ತದೆ, ಮೇಲಿಂದ ನುಸಿಹುಳ ತಿನ್ನುತ್ತದೆ. ಗಲ್ಫಿನಿಂದ ಯಾರೋ ಪ್ರೀತಿಯಿಂದ ತಂದುಕೊಟ್ಟಿದ್ದರೆ ಗೋಡೆಗೆ ತೂಗುಹಾಕಿ, ನೋಡಲಿಕ್ಕೆ ಚಂದ.

ಕೊನೆಗೆ ಪ್ಲಾಸ್ಟಿಕ್. ಇದನ್ನು ಬೈಯುವವರು ಬಹಳ, ಕೊಳ್ಳುವವರು ಅದಕ್ಕಿಂತ ಬಹಳ. ಇದರ ಗುಣವನ್ನೂ ಹೇಳಬೇಕು. ಹಗುರ. ಬಕೆಟ್ ನೀರು ಸುರಿದು ತೊಳೆಯಬಹುದು. ಅರ್ಧ ಗಂಟೆಯಲ್ಲಿ ಒಣಗ್ತದೆ. ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಿಗೆ ಊಟಕ್ಕೆ ಕೂರಲು ಅದು ಅನುಕೂಲವೇ. ಆದರೆ ಬಿಸಿಲು ಅದಕ್ಕೆ ಶತ್ರು. ಅಂಗಳದಲ್ಲಿ ಒಂದೆರಡು ಬೇಸಿಗೆ ಬಿದ್ದರೆ ಪುಡಿ ಪುಡಿಯಾಗಿ ಉದುರ್ತದೆ. ಆ ಚೂರು ಸಣ್ಣ ಮಕ್ಕಳ ಬಾಯಿಗೆ ಹೋಗ್ತದೆ. ಮತ್ತೆ, ಬೆಂಕಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ತದೆ. ದೀಪದ ಹತ್ತಿರ, ಒಲೆಯ ಹತ್ತಿರ ಹಾಕಲೇಬಾರದು.

ಜಾರುವ ಹಾಸು

ಇದೊಂದು ಭಾಗವನ್ನು ಎರಡು ಸಲ ಓದಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೂ ಓದಿ ಹೇಳಿ.

ಮೊದಲಿನ ಸೆಗಣಿ ಸಾರಿಸಿದ ನೆಲ, ಸಿಮೆಂಟಿನ ನೆಲ ಒರಟಾಗಿತ್ತು. ಹಾಸು ಅಲ್ಲಿ ಹಿಡಿದು ನಿಲ್ಲುತ್ತಿತ್ತು. ಟೈಲ್ಸಿನ ಮೇಲೆ ನಿಲ್ಲುವುದಿಲ್ಲ. ಅದರಲ್ಲೂ ನೆಲ ಬೆವರಿದ ದಿನ ಹಾಸಿನ ಮೇಲೆ ಕಾಲಿಟ್ಟರೆ ಹಾಸೇ ನಮ್ಮನ್ನು ಎಳೆದುಕೊಂಡು ಹೋಗ್ತದೆ. ಎಪ್ಪತ್ತು ದಾಟಿದವರು ಹಾಗೆ ಬಿದ್ದರೆ ಸೊಂಟದ ಹತ್ತಿರ ಎಲುಬು ಮುರಿಯುವುದು ಹೆಚ್ಚು. ಆಪರೇಷನ್, ತಿಂಗಳುಗಟ್ಟಲೆ ಮಲಗುವುದು, ಸಾಲ. ಕೆಲವರು ಮತ್ತೆ ಮೊದಲಿನ ಹಾಗೆ ನಡೆಯುವುದೇ ಇಲ್ಲ. ಇಷ್ಟಕ್ಕೆಲ್ಲ ಕಾರಣ ನೂರು ರೂಪಾಯಿಯ ಒಂದು ಕಾಲೊರಸು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಹಾಸನ್ನು ಟೈಲ್ಸಿನ ಮೇಲೆ ಹಾಕಿ, ಕಾಲ ಬೆರಳಿನಿಂದ ಬದಿಗೆ ನೂಕಿ. ಸುಲಭದಲ್ಲಿ ಸರಿದರೆ ಅದು ಮನೆಯಲ್ಲಿಯೂ ಸರಿಯುತ್ತದೆ. ಮೂಲೆ ಮೇಲೆ ಎದ್ದು ನಿಂತಿದೆಯಾ ನೋಡಿ, ಅದಕ್ಕೆ ಕಾಲ ಬೆರಳು ಸಿಕ್ಕಿಕೊಳ್ತದೆ. ಹಾಸಿನ ಅಡಿಗೆ ಹಾಕುವ ರಬ್ಬರಿನ ಬಲೆ ಅಂಗಡಿಯಲ್ಲಿ ಸಿಗ್ತದೆ. ಅದನ್ನು ಅಳತೆಗೆ ಕತ್ತರಿಸಿ ಹಾಕಿದರೆ ಹಿಡಿತ ಬರ್ತದೆ. ಹಾಸಿಗೇ ಹಚ್ಚಿ ಬರುವ ರಬ್ಬರು ಸ್ವಲ್ಪ ವರ್ಷದಲ್ಲಿ ಪುಡಿಯಾಗುವುದುಂಟು. ಆಮೇಲೆ ಅದೂ ಜಾರ್ತದೆ. ಆರು ತಿಂಗಳಿಗೊಮ್ಮೆ ತಿರುಗಿಸಿ ನೋಡ್ತಾ ಇರಿ.

ಅಜ್ಜ, ಅಜ್ಜಿ ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿ ಉಂಟಲ್ಲ? ಆ ದಾರಿಯಲ್ಲಿ ಸಡಿಲವಾದ ಹಾಸು ಏನೂ ಬೇಡ. ಬರೀ ನೆಲವೇ ಅದಕ್ಕಿಂತ ಮೇಲು. ನೀರು ಒರಸಿ ಒಣಗಿಸಿ, ಒಂದು ಸಣ್ಣ ದೀಪ ಹಾಕಿಡಿ.

ಅಂಗಡಿಯಲ್ಲಿ

ಒಬ್ಬ ಅಕ್ಕ ಚಾವಡಿಗೆ ಹಾಸು ಕೊಳ್ಳಲು ಹೋಗಿದ್ದಾರೆ. ಅವರು ಕೇಳಿದ್ದನ್ನು ಗಮನಿಸಿ.

“ಅಣ್ಣ, ಇದು ಎಂಥದರದ್ದು?”

“ಇದು ಬೀಚ್ ಸ್ಟೈಲ್ ಅಕ್ಕ. ಹೊಸ ಮಾಡೆಲ್. ನೀಲಿ, ಬಿಳಿ. ಕಡಲಿನ ಹಾಗೇ ಕಾಣ್ತದೆ.”

“ಕಡಲು ನಮಗೆ ಮನೆ ಬಾಗಿಲಲ್ಲೇ ಉಂಟಲ್ಲ ಅಣ್ಣ! ನಾರು ಯಾವುದು ಅಂತ ಕೇಳಿದ್ದು. ಹಿಂಬದಿ ತೋರ್ಸಿ, ಚೀಟಿ ಓದ್ತೇನೆ.”

“ಕಾಟನ್ ಅಕ್ಕ, ಪ್ಯೂರ್ ಕಾಟನ್.”

“ಇಲ್ಲಿ ಕಾಟನ್ 60, ಪಾಲಿಯೆಸ್ಟರ್ 40 ಅಂತ ಉಂಟಲ್ಲ?”

“ಹಾಂ... ಹಾಗೆ ಮಿಕ್ಸ್ ಇದ್ರೆ ಬೇಗ ಒಣಗ್ತದೆ ಅಕ್ಕ.”

“ಅದು ಸರಿ. ಬೇಗ ಒಣಗುವುದು ಒಳ್ಳೆಯದೇ. ಆದ್ರೆ ಪ್ಯೂರ್ ಅಂತ ಹೇಳಿ ಪ್ಯೂರಿನ ಕ್ರಯ ತಕ್ಕೊಳ್ಳುವುದು ಬೇಡ.”

ಅಕ್ಕನಿಗೆ ಓದಲು ಬರುತ್ತಿದ್ದುದರಿಂದ ಈ ಮಾತು ಹೊರಟಿತು. ಚೀಟಿಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಕೆಲವದರಲ್ಲಿ ಮಲಯಾಳವೂ ಇರುತ್ತದೆ. ಕನ್ನಡ ಕಡಿಮೆ. ಆದರೂ ಹೆದರಬೇಡಿ. ಅಂಕಿಗಳು ಎಲ್ಲ ಭಾಷೆಗೂ ಒಂದೇ. ನೂರರಲ್ಲಿ ಎಷ್ಟು ಪಾಲು ಯಾವ ನಾರು ಅಂತ ಅಂಕಿ ತೋರಿಸಿ ಕೇಳಿ. ಜೊತೆಗೆ ಸಣ್ಣ ಚಿತ್ರಗಳೂ ಇರ್ತವೆ. ನೀರಿನ ಪಾತ್ರೆಯ ಚಿತ್ರ ಇದ್ದರೆ ತೊಳೆಯಬಹುದು. ಪಾತ್ರೆಯಲ್ಲಿ ಕೈ ಇದ್ದರೆ ಕೈಯಲ್ಲಿ ಮಾತ್ರ ತೊಳೆಯಬೇಕು. ಪಾತ್ರೆಗೆ ಅಡ್ಡಡ್ಡ ಗೀಟು ಹಾಕಿದ್ದರೆ ತೊಳೆಯಬಾರದು. ನೀರು ತಾಗಬಾರದ ಹಾಸು ಕಡಲ ಬದಿಯ ಮನೆಗೆ ಯಾಕೆ ಬೇಕು?

ಅಕ್ಕ ಇನ್ನೂ ಎರಡು ಕೆಲಸ ಮಾಡಿದರು. ಬಿಳಿ ಕರವಸ್ತ್ರ ಒದ್ದೆ ಮಾಡಿ ಹಾಸಿನ ನೀಲಿ ಬಣ್ಣದ ಮೇಲೆ ಉಜ್ಜಿದರು. ಬಣ್ಣ ಹತ್ತಲಿಲ್ಲ. ಹತ್ತಿದ್ದರೆ ಬೆವರಿದ ನೆಲಕ್ಕೂ ಅದು ಹತ್ತುತ್ತಿತ್ತು. ಮತ್ತೆ, ಹಾಸನ್ನು ಒಬ್ಬರೇ ಎತ್ತಿ ನೋಡಿದರು. ಒಣಗಿದ್ದೇ ಇಷ್ಟು ಭಾರ ಇದ್ದರೆ ಒದ್ದೆಯಾದ್ದು ಎಷ್ಟು ಭಾರ ಅಂತ ಯೋಚಿಸಿದರು. ಕೊನೆಗೆ ಅದೇ ನಮೂನೆಯ ಸಣ್ಣ ಅಳತೆಯದ್ದು ಆರಿಸಿದರು. ಬಣ್ಣ ಮಾತ್ರ ಬೇರೆ.

ಬಣ್ಣ ಯಾಕೆ ಬೇರೆ? ಅಕ್ಕನ ಮನೆ ಬದಿಯಡ್ಕದ ಕಡೆಗೆ. ಗುಡ್ಡೆಯ ಕೆಂಪು ಮಣ್ಣು. ಬಿಳಿ ಹಾಸು ಒಂದು ವಾರಕ್ಕೆ ಕಾವಿ ಬಣ್ಣಕ್ಕೆ ತಿರುಗ್ತದೆ. ಅವರು ಇಟ್ಟಿಗೆ ಬಣ್ಣದ ಮೇಲೆ ಕಂದು ಗೀಟು ಇರುವುದನ್ನು ತಕ್ಕೊಂಡರು. ಕಡಪ್ಪುರದ ಹೊಯಿಗೆಯಲ್ಲಿ ಮನೆ ಇದ್ದವರು ಹೊಯಿಗೆಯ ಬಣ್ಣದ್ದು, ತೆಂಗಿನ ನಾರಿನ ಬಣ್ಣದ್ದು ತಕ್ಕೊಳ್ಳಬಹುದು. ಅಂಗಡಿಯವರು ಹೇಳುವ ಬೀಚ್ ಸ್ಟೈಲ್ ಎಲ್ಲಿಯದ್ದೋ ಏನೋ, ನಮ್ಮ ಕಡಲ ಬದಿಯ ಮನೆಗೆ ನಮ್ಮ ಮಣ್ಣಿನ ಬಣ್ಣವೇ ಹೊಂದುವುದು.

ಚೀಟಿ ಇಲ್ಲದ ಹಾಸು ಆದರೆ? ಅಂಚಿನಿಂದ ಒಂದೇ ಒಂದು ಎಳೆ ತೆಗೆದು, ಹೊರಗೆ ಅಂಗಳದಲ್ಲಿ, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ, ಸೆಣಬು ಕಾಗದದ ಹಾಗೆ ಉರಿದು ಬೂದಿಯಾಗ್ತದೆ. ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಡ್ತದೆ. ಪ್ಲಾಸ್ಟಿಕ್ ಜಾತಿಯದ್ದು ಕರಗಿ ಗಟ್ಟಿ ಮಣಿಯಾಗ್ತದೆ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ.

ಬಿಲ್ಲು ಕೇಳಿ ತಕ್ಕೊಳ್ಳಿ. ಬಿಲ್ಲಿನಲ್ಲಿ ‘ಹಾಸು ಒಂದು’ ಅಂತ ಇದ್ದರೆ ಸಾಲದು. ಯಾವ ನಾರು, ಎಷ್ಟು ಅಳತೆ ಅಂತ ಬರೆಸಿ. ಡಬ್ಬಿ ಅಥವಾ ಚೀಟಿಯಲ್ಲಿ ಎಂ.ಆರ್.ಪಿ. ಅಂತ ಇರುವುದು ತೆರಿಗೆ ಎಲ್ಲ ಸೇರಿದ ಅತಿ ಹೆಚ್ಚಿನ ಬೆಲೆ. ಅದಕ್ಕಿಂತ ಮೇಲೆ ಕೇಳುವ ಹಾಗಿಲ್ಲ, ಕಡಿಮೆಗೆ ನೀವು ಕೇಳಬಹುದು. ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915 ನಂಬರಿಗೆ ಫೋನ್ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತಾಡ್ಲಿಕ್ಕೆ ಆಗ್ತದೆ. ಬಿಲ್ಲು ಇಲ್ಲದಿದ್ದರೆ ಮಾತ್ರ ನಿಮ್ಮ ಮಾತಿಗೆ ಆಧಾರ ಇರುವುದಿಲ್ಲ.

ಅಳತೆ ಮತ್ತು ಲೆಕ್ಕ

ಅಂಗಡಿಗೆ ಹೋಗುವ ಮೊದಲು ಅಳತೆ ಬರೆದುಕೊಳ್ಳಿ. ಟೇಪು ಇಲ್ಲದಿದ್ದರೆ ಹಗ್ಗ ಹಿಡಿದು ಗಂಟು ಹಾಕಿಕೊಂಡು ಹೋಗಿ. ಕಾಲೊರಸಿನ ಅಳತೆ ಕೆಲವೊಮ್ಮೆ ಸೆಂಟಿಮೀಟರಿನಲ್ಲಿ ಇರ್ತದೆ. ಒಂದು ಅಡಿ ಅಂದರೆ ಸುಮಾರು 30 ಸೆಂಟಿಮೀಟರ್. ಹಾಗಾದರೆ 60 ಸೆಂಟಿಮೀಟರ್ ಅಂದರೆ ಸುಮಾರು 2 ಅಡಿ.

ಗೋಡೆಯಿಂದ ಗೋಡೆಗೆ ಮುಚ್ಚುವ ಹಾಸು ನಮ್ಮ ಕಡೆಗೆ ಬೇಡ. ಸುತ್ತಲೂ ಒಂದೊಂದು ಅಡಿಯಾದರೂ ನೆಲ ಕಾಣಲಿ. ಗುಡಿಸಲು, ಒರಸಲು ಅನುಕೂಲ, ಗೋಡೆಯ ತೇವವೂ ಹಾಸಿಗೆ ಏರುವುದಿಲ್ಲ. ಚಾವಡಿ 12 ಅಡಿ ಉದ್ದ, 10 ಅಡಿ ಅಗಲ ಇದ್ದರೆ ಹಾಸು 10 ಅಡಿ ಉದ್ದ, 8 ಅಡಿ ಅಗಲಕ್ಕಿಂತ ದೊಡ್ಡದು ಬೇಡ. ನಿಜ ಹೇಳಬೇಕೆಂದರೆ ಅದರ ಅರ್ಧವೇ ಸಾಕು.

ಬಾಗಿಲಿನ ಅಡಿಯ ಸಂದಿಯನ್ನು ಬಹಳ ಜನ ಮರೆಯುತ್ತಾರೆ. ಒಳಕ್ಕೆ ತೆರೆಯುವ ಬಾಗಿಲಿನ ಅಡಿ ಒಂದು ಸೆಂಟಿಮೀಟರ್ ಸಂದಿ ಉಂಟು ಅಂತ ಇಟ್ಟುಕೊಳ್ಳಿ. ಒಂದೂವರೆ ಸೆಂಟಿಮೀಟರ್ ದಪ್ಪದ ನಾರಿನ ಚಾಪೆ ತಂದರೆ ಬಾಗಿಲು ತೆರೆಯುವುದೇ ಇಲ್ಲ. ಮಳೆಗೆ ಮರ ಉಬ್ಬಿದಾಗ ಸಂದಿ ಇನ್ನೂ ಸಣ್ಣದಾಗ್ತದೆ.

ಈಗ ಬೆಲೆಯ ಲೆಕ್ಕ. ಈ ಬೆಲೆಗಳನ್ನು ಲೆಕ್ಕ ಕಲಿಯಲಿಕ್ಕಾಗಿ ಹಾಕಿದ್ದು. ಒಂದು ಹಾಸು 6 ಅಡಿ ಉದ್ದ, 4 ಅಡಿ ಅಗಲ. ಬೆಲೆ 960 ರೂಪಾಯಿ. ಇನ್ನೊಂದು 7 ಅಡಿ ಉದ್ದ, 5 ಅಡಿ ಅಗಲ. ಬೆಲೆ 1,225 ರೂಪಾಯಿ. ಯಾವುದು ಅಗ್ಗ?

ಮೊದಲನೆಯದು: 6 × 4 = 24 ಚದರ ಅಡಿ. 960 ÷ 24 = 40. ಚದರ ಅಡಿಗೆ 40 ರೂಪಾಯಿ.
ಎರಡನೆಯದು: 7 × 5 = 35 ಚದರ ಅಡಿ. 1,225 ÷ 35 = 35. ಚದರ ಅಡಿಗೆ 35 ರೂಪಾಯಿ.

ಲೆಕ್ಕದಲ್ಲಿ ದೊಡ್ಡದು ಅಗ್ಗ. ಆದರೆ ನಿಮಗೆ ಬೇಕಾದ್ದು 24 ಚದರ ಅಡಿ ಮಾತ್ರ ಆಗಿದ್ದರೆ ದೊಡ್ಡದಕ್ಕೆ 265 ರೂಪಾಯಿ ಹೆಚ್ಚು ಹೋಗ್ತದೆ, ಒಗೆಯುವ ಭಾರವೂ ಹೆಚ್ಚಾಗ್ತದೆ.

ಅಭ್ಯಾಸ

ಇವನ್ನು ಮಾಡಿ, ಮುಂದಿನ ತರಗತಿಗೆ ಬರುವಾಗ ಬರೆದುಕೊಂಡು ಬನ್ನಿ.

1. ನಿಮ್ಮ ಮನೆಯ ಹಾಸುಗಳ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಅದು ಯಾವ ನಾರು ಅಂತ ಬರೆಯಿರಿ. ಗೊತ್ತಾಗದಿದ್ದರೆ ಮನೆಯ ಹಿರಿಯರನ್ನು ಕೇಳಿ.

2. ಒಂದು ಚಾಪೆ 5 ಅಡಿ ಉದ್ದ, 3 ಅಡಿ ಅಗಲ. ಚದರ ಅಡಿಗೆ 30 ರೂಪಾಯಿ. ಒಟ್ಟು ಬೆಲೆ ಎಷ್ಟು?

3. ತೆಂಗಿನ ನಾರಿಗೂ ಸೆಣಬಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಮೂರು ವಾಕ್ಯ ಬರೆಯಿರಿ. ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದರೂ ತಪ್ಪಿಲ್ಲ.

4. ನಿಮ್ಮ ಊರಿನಲ್ಲಿ ಓಲೆಯ ಚಾಪೆ ಹೆಣೆಯುವವರು ಈಗಲೂ ಇದ್ದಾರಾ? ಇದ್ದರೆ ಹೋಗಿ ಮಾತಾಡಿಸಿ. ಒಂದು ಚಾಪೆಗೆ ಎಷ್ಟು ದಿನ ಬೇಕು, ಎಷ್ಟು ಬೆಲೆ ಸಿಗ್ತದೆ ಅಂತ ಕೇಳಿ ಬರೆಯಿರಿ.

5. ಇವತ್ತು ಸಂಜೆ ಮನೆಯ ಎಲ್ಲ ಹಾಸುಗಳನ್ನು ಕಾಲ ಬೆರಳಿನಿಂದ ನೂಕಿ ನೋಡಿ. ಜಾರುವುದು ಎಷ್ಟು? ಅವು ಯಾವ ಬಾಗಿಲಿನ ಎದುರು ಇವೆ?